ರೆಪ್ಪೆ ಜೋತುಬೀಳುವುದು ಹಣೆಬರಹವಲ್ಲ: ಹುಬ್ಬುಗಂಟಿನ ಬೊಟಾಕ್ಸ್‌ನಲ್ಲಿ ನನ್ನ ಅನುಭವ

ಎರಡು ವರ್ಷ ದಾಟಿತು, ನನ್ನ ಕೈಯಲ್ಲಿ ಹುಬ್ಬುಗಂಟಿಗೆ, ಅಂದರೆ ಎರಡು ಹುಬ್ಬುಗಳ ನಡುವಿನ ಗೆರೆಗಳಿಗೆ, ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚಿಸಿಕೊಂಡ ಒಬ್ಬರ ರೆಪ್ಪೆಯೂ ಜೋತುಬಿದ್ದಿಲ್ಲ. ರಿಜಿಸ್ಟರ್ ಎದುರಿಗಿಟ್ಟುಕೊಂಡು ಬರೆಯುತ್ತಿಲ್ಲ, ನೆನಪಿನ ಲೆಕ್ಕ: 300ಕ್ಕೆ ಮೇಲೆ, 350ಕ್ಕೆ ಒಳಗೆ ಇರಬಹುದು. ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ ಸುಮಾರು 400 ಜನರಲ್ಲಿ 11 ರೆಪ್ಪೆ ಬಿದ್ದಿದ್ದವು. ಆ ಹನ್ನೊಂದು ಮುಖಗಳೂ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿವೆ.

ಹಿರಿಯರ ಹತ್ತಿರ ಹೇಳಿಕೊಂಡಾಗ ಎಲ್ಲರದೂ ಒಂದೇ ಮಾತು. "ಔಷಧದ ಹಾಳೆಯಲ್ಲೇ ನೂರಕ್ಕೆ ಮೂರು ಅಂತ ಇದೆಯಲ್ಲಮ್ಮಾ, ನಿನ್ನದೂ ಅಷ್ಟೇ. ಆರು ವಾರ ಕಾದರೆ ತಾನಾಗೇ ಏಳುತ್ತೆ." ಏಳುತ್ತದೆ, ನಿಜ. ಆದರೆ ಆರನೇ ದಿನ ಬೆಳಿಗ್ಗೆ ಫೋನ್ ಮಾಡಿ "ಮೇಡಂ, ಎದ್ದು ಕನ್ನಡಿ ನೋಡಿದ್ರೆ ಎಡಗಣ್ಣು ಅರ್ಧ ಮುಚ್ಚಿದೆ, ಮುಂದಿನ ವಾರ ಮಗಳ ಮದುವೆ" ಎಂದು ಅತ್ತವರಿಗೆ ನೂರಕ್ಕೆ ಮೂರರ ಲೆಕ್ಕ ಹೇಳಿ ಸಮಾಧಾನ ಮಾಡಲು ನನ್ನಿಂದ ಆಗಲಿಲ್ಲ. ಫೀಸ್ ಪೂರ್ತಿ ವಾಪಸ್ ಕೊಟ್ಟೆ. ಕಣ್ಣಿನ ಹನಿ ನನ್ನ ಖರ್ಚಿನಲ್ಲೇ ಕೊಡಿಸಿದೆ. ಐದಾರು ಬಾರಿ ಬಿಟ್ಟಿ ತಪಾಸಣೆ. ಅವರಿಂದ ಬರಬೇಕಿದ್ದ ನೆಂಟರಿಷ್ಟರು ಬರಲೇ ಇಲ್ಲ. ಒಂದು ಸಲ ಕೂತು ಲೆಕ್ಕ ಹಾಕಿದೆ: ಒಂದು ರೆಪ್ಪೆ ಬಿದ್ದರೆ ಎಂಟು ಒಂಬತ್ತು ಜನರಿಂದ ಬಂದ ಲಾಭ ಅಲ್ಲಿಗೇ ಹೋಗುತ್ತದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು: ಡೋಸ್ ಇಳಿಸಿದೆ. 20 ಯೂನಿಟ್ ಬದಲು 14-15. ಎರಡು ತಿಂಗಳಿಗೇ ಗಂಟು ವಾಪಸ್ ಬಂತು, ಟಚ್‌ಅಪ್ ಪುಕ್ಕಟೆ ಕೊಡಬೇಕಾಯಿತು, ಆ ವರ್ಷ ಔಷಧದ ಸೀಸೆಗಳ, ಅಂದರೆ ವಯಲ್‌ಗಳ ಖರ್ಚು ಇಳಿಯುವ ಬದಲು ಏರಿತು. ಇಷ್ಟಾಗಿಯೂ ಎರಡು ರೆಪ್ಪೆ ಬಿದ್ದವು.

ಆಮೇಲೆ ಮಲಗಬೇಡಿ, ಬಗ್ಗಬೇಡಿ ಎಂಬ ಪಥ್ಯವನ್ನು ಬಿಗಿ ಮಾಡಿದೆ. ಒಬ್ಬರು ಪಾಪ, ನಾಲ್ಕು ಗಂಟೆ ಸಾಲದೆಂದು ರಾತ್ರಿಯಿಡೀ ಕುರ್ಚಿಯಲ್ಲೇ ಕೂತಿದ್ದರು. ಏಳನೇ ದಿನ ಅವರದೂ ಜೋತಿತು. ಉಜ್ಜಬೇಡಿ ಎಂದು ಈಗಲೂ ಹೇಳುತ್ತೇನೆ, ಅದಕ್ಕಿಂತ ಹೆಚ್ಚಿನ ಪಥ್ಯದಲ್ಲಿ ನನಗೆ ನಂಬಿಕೆ ಉಳಿದಿಲ್ಲ. ನಡುವೆ ಟಾಕ್ಸಿನ್ನನ್ನೇ, ಅಂದರೆ ಚುಚ್ಚುವ ಔಷಧವನ್ನೇ, ಬದಲಿಸಿಯೂ ನೋಡಿದೆ. ಯೂನಿಟ್ ಲೆಕ್ಕವೇ ಬೇರೆ, ಹರಡುವ ರೀತಿಯೂ ಬೇರೆ. ನನ್ನ ಕೈ ಅದಕ್ಕೆ ಒಗ್ಗುವ ಮೊದಲೇ ಒಂದೇ ತಿಂಗಳಲ್ಲಿ ಎರಡು ಬಿದ್ದವು. ಹಳೆಯದಕ್ಕೇ ಮರಳಿದೆ.

ದಾರಿ ಕಂಡದ್ದು ನನ್ನ ಮುಂಗೈ ಮೇಲೆ. ಒಂದು ಕೈಗೆ 2 ಯೂನಿಟ್, ವಯಲ್‌ಗೆ 1 ಮಿಲಿ ಸಲೈನ್ ಹಾಕಿ ಕದಡಿದ್ದು. ಇನ್ನೊಂದು ಕೈಗೂ 2 ಯೂನಿಟ್ಟೇ, ಆದರೆ 4 ಮಿಲಿ ಹಾಕಿದ್ದು. ಎರಡು ವಾರ ಬಿಟ್ಟು ಅಯೋಡಿನ್ ಸವರಿ, ಪಿಷ್ಟದ ಪುಡಿ ಉದುರಿಸಿ, ಬೆವರು ಬರುವ ತನಕ ಮೆಟ್ಟಿಲು ಹತ್ತಿ ಇಳಿದೆ. ಔಷಧದಿಂದ ಬೆವರು ಬರದೇ ಹೋದ ಜಾಗ ಬೆಳ್ಳಗೆ ಉಳಿಯುತ್ತದಲ್ಲ, ಅದನ್ನು ಸ್ಕೇಲಿನಲ್ಲಿ ಅಳೆದೆ. ಮೊದಲನೆಯದು ಸುಮಾರು ಒಂದೂವರೆ ಸೆಂಟಿಮೀಟರ್. ಎರಡನೆಯದು ಎರಡೂಕಾಲರ ಹತ್ತಿರ. ಅಳತೆ ಮಾಡಿದ್ದು ಬೆವರಿನ ಗ್ರಂಥಿಯನ್ನು, ಸ್ನಾಯುವನ್ನಲ್ಲ, ಅದು ಗೊತ್ತು. ಆದರೂ ಕಣ್ಣಿನ ಗೂಡಿನ ಮೂಳೆಯ ಅಂಚಿನಿಂದ ಒಂದು ಸೆಂಟಿಮೀಟರ್ ಮೇಲೆ ಚುಚ್ಚುವ ನಮಗೆ ಆ ಕೆಲವು ಮಿಲಿಮೀಟರ್ ಎಂದರೆ ಔಷಧವು ಸೆಪ್ಟಮ್ ಎಂಬ ತೆಳು ಪೊರೆ ದಾಟಿ, ರೆಪ್ಪೆ ಎತ್ತುವ ಸ್ನಾಯುವಾದ ಲೆವೇಟರ್ ಮುಟ್ಟುವುದಕ್ಕೂ ಮುಟ್ಟದಿರುವುದಕ್ಕೂ ಇರುವ ಅಂತರ.

ಅಂದಿನಿಂದ 100 ಯೂನಿಟ್ಟಿನ ವಯಲ್‌ಗೆ 1 ಮಿಲಿ, ಅಷ್ಟೇ. ಹಾಳೆ ಹೇಳುವುದು 2.5 ಮಿಲಿ. "ಅಷ್ಟು ಗಟ್ಟಿ ಮಾಡಿದರೆ ಒಂದು ಹನಿ ಹೆಚ್ಚುಕಮ್ಮಿ ಆದರೂ ಮುಖ ಸೊಟ್ಟಗಾಗುತ್ತೆ" ಎಂದು ಹೆದರಿಸಿದರು. ಕೈ ಸ್ಥಿರವಿದ್ದರೆ ಆಗುವುದಿಲ್ಲ, ನನ್ನದು ಇದೆ. ಆದರೆ ಸಿರಿಂಜ್ ವಿಷಯದಲ್ಲಿ ನಾನು ದುಡ್ಡು ಕಳೆದುಕೊಂಡೆ. ಸೂಜಿ ಬೇರೆ ಸಿಕ್ಕಿಸುವ ಮಾಮೂಲಿ ಸಿರಿಂಜಿನ ಕತ್ತಿನಲ್ಲಿ 0.05 ಮಿಲಿ ಉಳಿದರೂ ಈ ಹದದಲ್ಲಿ 5 ಯೂನಿಟ್ ಕಸದ ಬುಟ್ಟಿಗೆ ಹೋದಂತೆ. ಮೂರು ತಿಂಗಳು ಹೀಗೆ ಸುರಿದ ಮೇಲೆ ಲೆಕ್ಕ ಯಾಕೆ ಕೂಡುತ್ತಿಲ್ಲವೆಂದು ಹೊಳೆಯಿತು. ಈಗ ಸೂಜಿ ಸಿರಿಂಜಿಗೇ ಅಂಟಿಕೊಂಡು ಬರುವ ಇನ್ಸುಲಿನ್ ಸಿರಿಂಜ್ ಮಾತ್ರ.

ಎರಡನೆಯ ಬದಲಾವಣೆ ನಕ್ಷೆಯದು. ಐದು ಬಿಂದು, ಒಂದೊಂದಕ್ಕೆ 4 ಯೂನಿಟ್ ಎಂಬ ಸಮಪಾಲನ್ನು ಬಿಟ್ಟೆ. ಮೊತ್ತ 20ಕ್ಕೆ 20 ಹಾಗೇ ಇದೆ, ಹಂಚಿಕೆ ಬೇರೆ: ಮೂಗಿನ ಬುಡದ ಮೇಲಿನ ಸ್ನಾಯು ಪ್ರೋಸಿರಸ್‌ಗೆ 4, ಹುಬ್ಬುಗಳನ್ನು ಒಳಕ್ಕೆಳೆದು ಗಂಟಿಕ್ಕುವ ಸ್ನಾಯು ಕಾರುಗೇಟರ್‌ನ ಒಳತುದಿಗೆ 6-6, ಹೊರಬಿಂದುವಿಗೆ 2-2. ಒಳತುದಿ ಮೂಳೆಗೆ ಅಂಟಿರುತ್ತದೆ, ಅಲ್ಲಿ ಆಳಕ್ಕೆ ಹೋಗುತ್ತೇನೆ. ಹೊರಗೆ ಹೋದಂತೆ ಸ್ನಾಯು ಚರ್ಮಕ್ಕೆ ಏರುತ್ತದೆ, ಅಲ್ಲಿ ಚರ್ಮದಡಿ ಸಣ್ಣ ಗುಳ್ಳೆ ಏಳುವಷ್ಟು ಮೇಲಕ್ಕೇ ನಿಲ್ಲಿಸುತ್ತೇನೆ. ಸೂಜಿಯ ಮೂತಿ ಯಾವಾಗಲೂ ಹಣೆಯ ಕಡೆಗೆ, ಎಡಗೈ ಹೆಬ್ಬೆರಳು ಮೂಳೆಯ ಅಂಚಿನ ಮೇಲೆ. ಹೊರಬಿಂದುವನ್ನು ಬೆರಳಲ್ಲಿ ಹುಡುಕುವ ನನ್ನದೊಂದು ಕ್ರಮವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಪಕ್ಕದಲ್ಲಿ ನಿಂತು ಕಲಿಯುವವರಿಗೆ ಮಾತ್ರ ತೋರಿಸುತ್ತೇನೆ. ಹೊರಗೆ 2 ಯೂನಿಟ್ ಸಾಲದು ಎಂದವರಿಗೆ ಉತ್ತರ: ಹತ್ತರಲ್ಲಿ ಒಬ್ಬರಿಗೆ ಎರಡು ವಾರದ ನಂತರ ಒಂದು ಯೂನಿಟ್ ಸೇರಿಸುತ್ತೇನೆ. ಉಳಿದ ಒಂಬತ್ತು ಜನ ಕೇಳುವುದೂ ಇಲ್ಲ.

ಇದಿಷ್ಟಕ್ಕೇ ಬೀಳುವುದು ನಿಲ್ಲಲಿಲ್ಲ, ಕಡಿಮೆಯಾಯಿತು. ಆಗ ಹಳೆಯ ಹನ್ನೊಂದು ಜನರ 'ಮೊದಲಿನ' ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಮೂವರಿಗೆ ನಾನು ಸೂಜಿ ಮುಟ್ಟುವ ಮೊದಲೇ ಒಂದು ರೆಪ್ಪೆ ಕೆಳಗಿತ್ತು! ಹುಬ್ಬೆತ್ತಿ ಸರಿದೂಗಿಸಿಕೊಂಡು ಬಂದಿದ್ದರು. ನಾನು ಅದೇ ದಿನ ಹಣೆಗೂ ಚುಚ್ಚಿ, ಹುಬ್ಬೆತ್ತುವ ಸ್ನಾಯುವಾದ ಫ್ರಂಟಾಲಿಸ್ ಕಟ್ಟಿಹಾಕಿದ್ದರಿಂದ ಮುಚ್ಚಿಟ್ಟಿದ್ದದ್ದು ಹೊರಬಿತ್ತು. ನೆನಪಿಡಬೇಕು, ಈ ಔಷಧ ನಮಗೆ ಬಂದದ್ದೇ ಕಣ್ಣಿನ ಡಾಕ್ಟರುಗಳಿಂದ. ಅಲನ್ ಸ್ಕಾಟ್ ಮೆಳ್ಳೆಗಣ್ಣಿಗೆ ಬಳಸಿದರು, 1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಕಣ್ಣಿನ ಕಾಯಿಲೆಗಳಿಗೆ. ಹುಬ್ಬುಗಂಟಿಗೆ ಸಿಕ್ಕಿದ್ದು 2002ರಲ್ಲಿ. ಅವರು ಕಣ್ಣು ನೋಡಿ ಸೂಜಿ ಹಿಡಿದರು, ನಾನು ಸುಕ್ಕು ನೋಡಿ ಹಿಡಿಯುತ್ತಿದ್ದೆ. ಈಗ ಪ್ರತಿಯೊಬ್ಬರ ಹುಬ್ಬನ್ನೂ ಬೆರಳಲ್ಲಿ ಒತ್ತಿ ಹಿಡಿದು, ಟಾರ್ಚ್ ಬೆಳಕು ಬಿಟ್ಟು, ಪಾಪೆಯ ಬೆಳಕಿನ ಚುಕ್ಕೆಯಿಂದ ರೆಪ್ಪೆಯಂಚಿಗೆ ಎಷ್ಟೆಂದು ಅಳೆಯುತ್ತೇನೆ. 4-5 ಮಿಲಿಮೀಟರ್ ಇದ್ದರೆ ಸರಿ. ಎರಡು ಕಣ್ಣಿಗೂ ಒಂದು ಮಿಲಿಮೀಟರ್ ವ್ಯತ್ಯಾಸವಿದ್ದರೆ ಕನ್ನಡಿಯಲ್ಲಿ ಅವರಿಗೇ ತೋರಿಸಿ ಫೋಟೋ ಇಟ್ಟುಕೊಳ್ಳುತ್ತೇನೆ, ಹಣೆಗೆ ಅವತ್ತು ಚುಚ್ಚುವುದಿಲ್ಲ. ಹೀಗೆ ವಾಪಸ್ ಕಳಿಸಿದ ಫೀಸ್ ಕಡಿಮೆಯೇನಲ್ಲ. ಕಳಿಸಿದ್ದಕ್ಕೆ ಬೇಸರವಿಲ್ಲ.

ಬಿದ್ದ ಮೇಲಿನ ಪ್ರಯೋಗಗಳೂ ಒಂದಷ್ಟು ಆದವು. ಮೊದಲು ಪಾಪೆ ನೋಡುವುದು ಬಿಡಬೇಡಿ. ಎರಡು ಪಾಪೆಗೂ ವ್ಯತ್ಯಾಸವಿದ್ದರೆ, ಒಂದು ಎರಡಾಗಿ ಕಂಡರೆ, ಸಂಜೆಯಾದಂತೆ ಜೋಲುವುದು ಹೆಚ್ಚಾದರೆ, ನಮ್ಮ ಸೂಜಿಯ ಮೇಲೆ ಹೊರಿಸಿ ಕೂರದೆ ಅವತ್ತೇ ನರರೋಗ ತಜ್ಞರ ಹತ್ತಿರ ಕಳಿಸಬೇಕು. ಅದೇನಿಲ್ಲವೆಂದಾದರೆ 0.5% ಅಪ್ರಾಕ್ಲೋನಿಡಿನ್ ಹನಿ. ಲೆವೇಟರ್ ಮಲಗಿದ್ದರೂ ಮುಲ್ಲರ್ ಸ್ನಾಯು ಎಚ್ಚರವಿರುತ್ತದೆ, ಅದು ಬಿಗಿದು ಒಂದೆರಡು ಮಿಲಿಮೀಟರ್ ಎತ್ತುತ್ತದೆ. ದಿನಕ್ಕೆ ಮೂರು ಸಲ ಹಾಕಿಸಿದಾಗ ಎರಡು ಮೂರು ವಾರಕ್ಕೆ ಇಬ್ಬರ ಕಣ್ಣು ಕೆಂಪಾಯಿತು, ಹನಿಯ ಜೋರೂ ಇಳಿಯಿತು. ಈಗ ಹೊರಗೆ ಹೋಗುವ ದಿನ, ಹೊರಡುವ ಮುಂಚೆ ಮಾತ್ರ ಹಾಕಿಕೊಳ್ಳಿ ಎನ್ನುತ್ತೇನೆ. ಎಲೆಕ್ಟ್ರಿಕ್ ಟೂತ್‌ಬ್ರಷ್‌ನ ಹಿಂಬದಿಯನ್ನು ರೆಪ್ಪೆಗೆ ಹಿಡಿಯುವ ಉಪಾಯವನ್ನೂ ಮೂವರಲ್ಲಿ ನೋಡಿದೆ. ಒಂದು ದಿನವೂ ಬೇಗ ಏಳಲಿಲ್ಲ.

ರೆಪ್ಪೆಯಂಚಿನ ಆರ್ಬಿಕ್ಯುಲಾರಿಸ್‌ಗೆ, ಒಳಮೂಲೆಗೊಂದು ಹೊರಮೂಲೆಗೊಂದು ಯೂನಿಟ್ ಚುಚ್ಚಿ, ಮುಚ್ಚುವ ಸ್ನಾಯುವನ್ನೇ ಸಡಿಲಿಸಿ ಕಣ್ಣು ತೆರೆಸುವುದನ್ನು ನಾಲ್ವರಲ್ಲಿ ಮಾಡಿದೆ. ಮೂವರಿಗೆ ಒಂದು ಮಿಲಿಮೀಟರಿನಷ್ಟು ಎದ್ದಿತು, ಒಬ್ಬರಿಗೆ ಕಣ್ಣು ಒಣಗಿ ಉರಿ ಬಂತು. ಬಿಂದು ಎಲ್ಲಿ ಎಂದು ಬರೆಯಲಾರೆ. ಸ್ವಲ್ಪ ಜರುಗಿದರೂ ಬಿದ್ದ ರೆಪ್ಪೆ ಇನ್ನಷ್ಟು ಬೀಳುತ್ತದೆ, ಓದಿ ಮಾಡುವ ಕೆಲಸವಲ್ಲ ಅದು.

ಈಗ ನನಗೆ ಉಳಿದಿರುವ ತಲೆನೋವು ರೆಪ್ಪೆಯದಲ್ಲ, ಹುಬ್ಬಿನದು. ಅರವತ್ತು ದಾಟಿದವರ ಹಣೆಗೆ ಎಷ್ಟು ಕಡಿಮೆ ಹಾಕಿದರೂ ಹುಬ್ಬು ಭಾರವಾಯಿತು ಎನ್ನುತ್ತಾರೆ. ಈ ವರ್ಷ ಅಂಥವರು ಇಬ್ಬರು. ಹುಬ್ಬಿನ ಮೇಲೆ ಎರಡು ಸೆಂಟಿಮೀಟರ್ ಬಿಡುತ್ತಿದ್ದೆ, ಈಗ ಮೂರು ಬಿಟ್ಟು, ಒಂದೊಂದು ಯೂನಿಟ್ಟಿನಂತೆ ಹಾಕಿ ನೋಡುತ್ತಿದ್ದೇನೆ. ಆರೇಳು ಜನರಲ್ಲಿ ಮಾಡಿದ್ದೇನಷ್ಟೆ, ಇನ್ನೂ ಲೆಕ್ಕ ಹೇಳುವ ಹಂತಕ್ಕೆ ಬಂದಿಲ್ಲ.