ಕಷ್ಟದ ಸುಡೊಕು: ಪೆನ್ಸಿಲ್ ನಿಂತಾಗ ಯಾವ ಪಟ್ಟು ಹಾಕಬೇಕು?

ಭಾನುವಾರ ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ಅಡ್ಡಾಡಿ ಬಂದು ಪುರವಣಿ ಬಿಡಿಸಿದರೆ, ಮೊದಲ ಹತ್ತು-ಹದಿನೈದು ಅಂಕಿ ಚಹಾ ಆರುವುದರೊಳಗೆ ಬೀಳುತ್ತವೆ. ಆಮೇಲೆ ಪೆನ್ಸಿಲ್ ನಿಲ್ಲುತ್ತದೆ. ಪಕ್ಕದ ಮನೆಯ ನಿವೃತ್ತ ಗಣಿತ ಮೇಷ್ಟ್ರು ಕಾಂಪೌಂಡ್ ಮೇಲಿಂದ ಬಗ್ಗಿ ನೋಡುವುದೂ ಆಗಲೇ.

"ದುಗ್ಗಮ್ಮನ ಜಾತ್ರೆ ಕುಸ್ತಿ ನೋಡಿದೀಯಲ್ಲಪ್ಪಾ? ಎದುರಿನವನು ಹೆಂಗೆ ನಿಂತಾನೆ ಅಂತ ನೋಡಿ ಪಟ್ಟು ಹಾಕ್ತಾರೆ. ನೀನು ಬಂದಿದ್ದೊಂದೇ ಪಟ್ಟು ಹಾಕ್ತಾ ಕೂರ್ತೀಯ."

ಮಾತು ಚುಚ್ಚಿದರೂ ಸರಿಯಾಗಿಯೇ ಇತ್ತು. ಹಾಗಾಗಿ ಯಾವಾಗ ಯಾವ ಪಟ್ಟು ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ. ಚೌಕಾಬಾರದಲ್ಲಿ ಹೇಳುವಂತೆ ಒಂದೊಂದು ಖಾನೆಯನ್ನೂ 'ಮನೆ' ಅನ್ನೋಣ. 4-2 ಅಂದರೆ ಮೇಲಿನಿಂದ ನಾಲ್ಕನೇ ಅಡ್ಡಸಾಲು, ಎಡದಿಂದ ಎರಡನೇ ಕಂಬಸಾಲು. ಮೂರು ಅಡ್ಡ, ಮೂರು ಉದ್ದ ಸೇರಿದ ಒಂಬತ್ತು ಮನೆಗಳ ಗುಂಪು 'ಚೌಕ'.

ಮೊದಲು ಪೆನ್ಸಿಲ್ ಗುರುತು

ಖಾಲಿ ಮನೆಯಲ್ಲೆಲ್ಲ ಬರಬಹುದಾದ ಅಂಕಿಗಳನ್ನು ಸಣ್ಣದಾಗಿ ಬರೆಯಿರಿ. ಬೇಸರದ ಕೆಲಸ, ಆದರೆ ಇಲ್ಲಿ ಒಂದಂಕಿ ಬಿಟ್ಟರೆ ಮುಂದಿನದೆಲ್ಲ ಹಾಳು. ನಂತರ ಜೋಡಿ ಹುಡುಕಿ: ಒಂದೇ ಸಾಲಿನ ಎರಡು ಮನೆಗಳಲ್ಲಿ 2, 6 ಮಾತ್ರ ಇದ್ದರೆ, ಆ ಸಾಲಿನ ಉಳಿದ ಮನೆಗಳಿಂದ 2, 6 ಅಳಿಸಿ. ಒಂದು ಚೌಕದೊಳಗೆ 5 ಬರುವ ಮನೆಗಳೆಲ್ಲ ಒಂದೇ ಸಾಲಿನಲ್ಲಿದ್ದರೆ, ಆ ಸಾಲಿನಲ್ಲಿ ಚೌಕದ ಹೊರಗಿರುವ 5ಗಳೂ ಹೋಗುತ್ತವೆ. ಇಷ್ಟು ಎಲ್ಲರಿಗೂ ಗೊತ್ತಿರುವುದೇ.

ಈಗ ನಿಲುವು ನೋಡಿ

ಎರಡೇ ಅಂಕಿ ಉಳಿದ ಮನೆಗಳು ಎಷ್ಟಿವೆ ಎಂದು ಎಣಿಸಿ. ಬಹಳ ಇದ್ದರೆ ಎಕ್ಸ್‌ವೈ-ವಿಂಗ್ ಕಡೆ ಹೋಗಿ. ಕಡಿಮೆ ಇದ್ದು, ಯಾವುದೋ ಒಂದು ಅಂಕಿ ಸಾಲುಸಾಲಿನಲ್ಲೂ ಎರಡೆರಡೇ ಕಡೆ ಕಂಡರೆ ಎಕ್ಸ್-ವಿಂಗ್.

ಎಕ್ಸ್-ವಿಂಗ್ ಸುಲಭ. ಎರಡನೇ ಅಡ್ಡಸಾಲಿನಲ್ಲಿ 7 ಬರುವುದು 3 ಮತ್ತು 8ನೇ ಕಂಬಸಾಲಿನಲ್ಲಿ ಮಾತ್ರ, ಆರನೇ ಅಡ್ಡಸಾಲಿನಲ್ಲೂ ಅವೆರಡರಲ್ಲೇ ಎಂದಿಟ್ಟುಕೊಳ್ಳಿ. ಮೇಲೆ ಎಡಕ್ಕೆ ಬಂದರೆ ಕೆಳಗೆ ಬಲಕ್ಕೆ, ಮೇಲೆ ಬಲಕ್ಕೆ ಬಂದರೆ ಕೆಳಗೆ ಎಡಕ್ಕೆ. ಹೇಗಾದರೂ ಆ ಎರಡು ಕಂಬಸಾಲುಗಳ 7 ಈ ನಾಲ್ಕು ಮೂಲೆಗಳಲ್ಲೇ ಮುಗಿಯಿತು. ಕಂಬಸಾಲಿನ ಬೇರೆ ಮನೆಗಳಲ್ಲಿರುವ 7 ಅಳಿಸಿ.

ಎಕ್ಸ್‌ವೈ-ವಿಂಗ್ ಕಣ್ಣಿಗೆ ಬೀಳುವುದು ತಡ. ನನ್ನ ಮಟ್ಟಿಗೆ ಕಲಿತಿದ್ದಕ್ಕೆ ಹೆಚ್ಚು ಬೆಲೆ ಸಿಕ್ಕಿದ್ದು ಇದರಿಂದಲೇ. ಕಾಗದ ತೆಗೆದುಕೊಂಡು ಗುರುತು ಹಾಕಿ: 4-2ರಲ್ಲಿ 3, 5. ಅದೇ ಅಡ್ಡಸಾಲಿನ 4-9ರಲ್ಲಿ 3, 8. ಅದೇ ಚೌಕದ 6-1ರಲ್ಲಿ 5, 8. ನಡುವಿನ ಕೀಲು 4-2. ಅಲ್ಲಿ 3 ಬಂದರೆ 4-9 ಎಂಟಾಗಲೇಬೇಕು. 5 ಬಂದರೆ 6-1 ಎಂಟು. ಅಂದರೆ ಎರಡು ತುದಿಗಳಲ್ಲಿ ಒಂದಂತೂ 8. ಎರಡೂ ತುದಿಗಳ ಕಣ್ಣಿಗೆ ಬೀಳುವ, ಅಂದರೆ ಎರಡರ ಜೊತೆಗೂ ಒಂದೇ ಸಾಲಿನಲ್ಲೋ ಚೌಕದಲ್ಲೋ ಇರುವ ಮನೆಗಳು 4-1, 4-3, 6-7, 6-8, 6-9. ಈ ಐದರಲ್ಲಿ ಎಲ್ಲೂ 8 ಇರಲು ಸಾಧ್ಯವಿಲ್ಲ. ತುದಿಗಳು ಒಂದರ ಚೌಕಕ್ಕೆ ಇನ್ನೊಂದರ ಸಾಲು ಹಾಯುವಂತಿದ್ದರೆ ಹೀಗೆ ಐದು ಮನೆ ಸಿಗುತ್ತವೆ. ಕೀಲಿನ ಸಾಲಿನಲ್ಲಿ ಒಂದು ತುದಿ, ಕಂಬದಲ್ಲಿ ಇನ್ನೊಂದು ಇದ್ದು, ಮೂರೂ ಬೇರೆ ಬೇರೆ ಚೌಕದಲ್ಲಿದ್ದರೆ ಸಿಗುವುದು ಒಂದೇ ಮನೆ. ಹಾಗಾಗಿ ಮೊದಲಿನ ಬಗೆಯನ್ನೇ ಮೊದಲು ಹುಡುಕಿ.

ಸ್ವೋರ್ಡ್‌ಫಿಶ್ ಎಂದರೆ ಎಕ್ಸ್-ವಿಂಗ್‌ನ ಅಣ್ಣ: ಮೂರು ಅಡ್ಡಸಾಲು, ಮೂರು ಕಂಬಸಾಲು. ಕಂಪ್ಯೂಟರ್‌ಗೆ ಕಷ್ಟವಲ್ಲ. ಪೇಪರ್ ಮೇಲೆ ಹುಡುಕುತ್ತಾ ಕೂತರೆ ತಂದಿಟ್ಟ ಮಂಡಕ್ಕಿ ಮೆತ್ತಗಾಗುತ್ತದೆ. ನಾನು ಬಿಟ್ಟಿದ್ದೇನೆ.

ಯೂನಿಕ್ ರೆಕ್ಟ್ಯಾಂಗಲ್: ಬೇಗ ಕೊಡುತ್ತದೆ, ಕೈಯೂ ಕೊಡುತ್ತದೆ

ಎರಡು ಅಡ್ಡಸಾಲು, ಎರಡು ಕಂಬಸಾಲು, ಎರಡೇ ಚೌಕ. 1-2, 1-6, 2-2ರಲ್ಲಿ 1, 9 ಮಾತ್ರ. 2-6ರಲ್ಲಿ 1, 9, 4. ನಾಲ್ಕನೆಯದೂ 1 ಅಥವಾ 9 ಆದರೆ ಈ ನಾಲ್ಕು ಮನೆಗಳಲ್ಲಿ 1, 9 ಅದಲುಬದಲು ಮಾಡಿದರೂ ನಡೆಯುತ್ತದೆ, ಉತ್ತರ ಎರಡಾಗುತ್ತವೆ. ಸರಿಯಾದ ಸುಡೊಕುಗೆ ಉತ್ತರ ಒಂದೇ. ಆದ್ದರಿಂದ 2-6ರಲ್ಲಿ 4.

ಇಲ್ಲಿ ನಾವು ನೆಚ್ಚಿಕೊಳ್ಳುವುದು ಒಗಟು ಕಟ್ಟಿದವರನ್ನು. ಒಮ್ಮೆ ಒಂದು ಪತ್ರಿಕೆಯಲ್ಲಿ ಅಚ್ಚಾಗುವಾಗ ಒಂದಂಕಿ ಬಿಟ್ಟುಹೋಗಿತ್ತು. ನಾನು ಈ ಪಟ್ಟು ಹಾಕಿ ಬೀಗಿದ್ದೆ. ಮರುದಿನ ನೋಡಿದರೆ ನನ್ನ ಉತ್ತರ ಬೇರೆ, ಅವರದು ಬೇರೆ, ಎರಡೂ ಸರಿ! ಮೇಷ್ಟ್ರು ವಾರವಿಡೀ ನಕ್ಕರು. ಆಮೇಲೆ ಅವರೇ ಹೇಳಿದ್ದು: ಕನಿಷ್ಠ 17 ಅಂಕಿ ಕೊಡದಿದ್ದರೆ ಒಂದೇ ಉತ್ತರ ಬರಲು ಸಾಧ್ಯವಿಲ್ಲ ಎಂದು ಡಬ್ಲಿನ್‌ನ ಗ್ಯಾರಿ ಮೆಕ್‌ಗೈರ್ ತಂಡ 2012ರಲ್ಲಿ ಕಂಪ್ಯೂಟರ್‌ನಿಂದ ಜಾಲಾಡಿ ತೋರಿಸಿದೆಯಂತೆ. 17 ಇದ್ದ ಮಾತ್ರಕ್ಕೆ ಭರವಸೆಯೇನೂ ಇಲ್ಲ. ಕೊಟ್ಟ ಅಂಕಿ ಕಡಿಮೆಯಿದ್ದರೆ ಕಷ್ಟ, ಹೆಚ್ಚಿದ್ದರೆ ಸುಲಭ ಅನ್ನುವುದೂ ಸುಳ್ಳು. 26 ಅಂಕಿ ಕೊಟ್ಟವು ನನ್ನನ್ನು ಮಧ್ಯಾಹ್ನದವರೆಗೆ ಕೂರಿಸಿವೆ.

ಇದೂ ನಡೆಯದಿದ್ದರೆ

ಒಂದೇ ಅಂಕಿ ಹಿಡಿದು ಬಣ್ಣ ಕಟ್ಟಿ. ಒಂದು ಸಾಲಿನಲ್ಲೋ ಚೌಕದಲ್ಲೋ 6 ಎರಡೇ ಕಡೆ ಬರುವಂತಿದ್ದರೆ ಒಂದಕ್ಕೆ ಸೊನ್ನೆ, ಇನ್ನೊಂದಕ್ಕೆ ಗುಣಿಸು ಗುರುತು. ಅಲ್ಲಿಂದ ಮುಂದಿನ ಜೋಡಿಗೆ ಹೀಗೇ ಸರಪಳಿ. ಒಂದೇ ಸಾಲಿನಲ್ಲಿ ಎರಡು ಸೊನ್ನೆ ಬಂದವೋ, ಸೊನ್ನೆಯೆಲ್ಲ ಸುಳ್ಳು, ಗುಣಿಸು ಗುರುತಿನ ಮನೆಗಳಲ್ಲೆಲ್ಲ 6 ತುಂಬಿ. ಗುರುತಿಲ್ಲದ ಮನೆಯೊಂದು ಸೊನ್ನೆ, ಗುಣಿಸು ಎರಡಕ್ಕೂ ಕಂಡರೆ ಅಲ್ಲಿ 6 ಇಲ್ಲ.

ಕೊನೆಯದು, ಎರಡೇ ಅಂಕಿ ಇರುವ ಮನೆಯಲ್ಲಿ ಒಂದನ್ನು ಕೆಂಪು ಪೆನ್ಸಿಲ್‌ನಲ್ಲಿ ಬರೆದು ಮುಂದುವರಿಯುವುದು. ಸುತ್ತ ಎರಡಂಕಿ ಮನೆಗಳು ಹೆಚ್ಚಿರುವಲ್ಲಿ ಶುರು ಮಾಡಿದರೆ ತಪ್ಪಿದ್ದರೂ ಬೇಗ ಗೊತ್ತಾಗುತ್ತದೆ; ಆಗ ಇನ್ನೊಂದೇ ಸರಿ. ಮೇಷ್ಟ್ರು ಮಾತ್ರ ಇದನ್ನು ಪಟ್ಟು ಅಂತ ಒಪ್ಪುವುದಿಲ್ಲ. ನಾನು ಕೆಂಪು ಪೆನ್ಸಿಲ್ ತೆಗೆದರೆ ಸಾಕು, ಕಾಂಪೌಂಡ್ ಬಿಟ್ಟು ಒಳಗೆ ಹೋಗುತ್ತಾರೆ.