ಗಾಬರಿಯನ್ನು ಬೇಕೆಂದೇ ಬರಿಸಿಕೊಂಡೆ

ಪ್ಯಾನಿಕ್ ಅಟ್ಯಾಕ್ ಬಂದವರಿಗೆಲ್ಲ ಸುತ್ತಲಿನವರು ಹೇಳುವುದು ಒಂದೇ ಮಾತು: ‘ಏನೂ ಆಗಲ್ಲ, ಧೈರ್ಯವಾಗಿರಿ.’ ಮಾತು ನಿಜವೇ. ಆದರೆ ಅದು ಬುದ್ಧಿಯವರೆಗೆ ಹೋಗಿ ನಿಂತುಬಿಡುತ್ತದೆ, ಎದೆಗೆ ಇಳಿಯುವುದಿಲ್ಲ. ಆಪ್ತಸಮಾಲೋಚನೆ ನನ್ನ ವೃತ್ತಿ. ಗಾಬರಿಯ ಬಗ್ಗೆ ಓದಿದ್ದೆ, ಗಾಬರಿಪಟ್ಟವರ ಎದುರು ವರ್ಷಗಟ್ಟಲೆ ಕೂತಿದ್ದೆ. ಅದು ನನ್ನ ಮೇಲೇ ಎರಗಿದಾಗ ಆ ಓದೆಲ್ಲ ಒಂದು ಮೂಲೆಗೆ ಸರಿದು ನಿಂತಿತು. ಎದೆ ಡವಡವ, ಬೆರಳತುದಿಗಳಲ್ಲಿ ಜುಮುಜುಮು, ಎಷ್ಟು ಎಳೆದುಕೊಂಡರೂ ಸಾಲದ ಉಸಿರು, ಇನ್ನೇನು ಬಿದ್ದೇಬಿಡುತ್ತೇನೆ ಎಂಬ ಭಾವ. ಇಸಿಜಿ, ಥೈರಾಯ್ಡ್, ರಕ್ತಪರೀಕ್ಷೆ ಎಲ್ಲ ಸರಿ ಇತ್ತು. ‘ಟೆನ್ಷನ್ ಮಾಡ್ಕೋಬೇಡಿ’ ಎಂದು ಕಳಿಸಿಕೊಟ್ಟರು. ‘ಎಲ್ಲ ನಾರ್ಮಲ್’ ಎಂಬ ವರದಿ ಕೈಯಲ್ಲಿರುವಾಗಲೇ ಮುಂದಿನ ಅಟ್ಯಾಕ್ ಬಂತು.

ಆಗ ನನ್ನನ್ನು ಕಾಡಿದ ಪ್ರಶ್ನೆ ಇದು: ನನಗೆ ಗೊತ್ತಿರುವುದು ನನ್ನ ದೇಹಕ್ಕೆ ಯಾಕೆ ಗೊತ್ತಿಲ್ಲ?

ಚಾರ್ಲ್ಸ್ ಡಾರ್ವಿನ್ ಕೂಡ ಇದೇ ಗೋಡೆಗೆ ಮುಟ್ಟಿದ್ದರು. ಲಂಡನ್ನಿನ ಮೃಗಾಲಯದಲ್ಲಿ ವಿಷದ ಹಾವೊಂದರ ಮುಂದಿದ್ದ ದಪ್ಪ ಗಾಜಿನ ಹತ್ತಿರಕ್ಕೆ ಮುಖ ತಂದು, ಅದು ಎರಗಿದರೂ ಕದಲಬಾರದೆಂದು ಗಟ್ಟಿ ಮನಸ್ಸು ಮಾಡಿ ನಿಂತರು. ಹಾವು ಗಾಜಿಗೆ ಅಪ್ಪಳಿಸಿದ್ದೇ ತಡ, ಒಂದೆರಡು ಗಜ ಹಿಂದಕ್ಕೆ ಹಾರಿದ್ದರು. 1872ರಲ್ಲಿ ಪ್ರಕಟವಾದ, ಭಾವನೆಗಳ ಕುರಿತ ತಮ್ಮ ಪುಸ್ತಕದಲ್ಲಿ ಅವರೇ ಇದನ್ನು ಬರೆದಿದ್ದಾರೆ. ನಡುವೆ ಗಾಜಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಕ್ಕೆ ಹಾರಿಸಿದ ನರಮಂಡಲ ಆ ತಿಳಿವಳಿಕೆಗಾಗಿ ಕಾಯಲಿಲ್ಲ. ಡಾರ್ವಿನ್‌ರ ಸಂಕಲ್ಪಕ್ಕೇ ಆಗದ್ದು ನನ್ನ ಧೈರ್ಯಕ್ಕೆ ಆಗಲಿಲ್ಲವೆಂದರೆ ಅದು ನನ್ನ ದುರ್ಬಲತೆ ಹೇಗಾದೀತು? ಹಾಗೆ ಅನಿಸಿದ ದಿನವೇ ಅರ್ಧ ಭಾರ ಇಳಿಯಿತು.

ಉಳಿದರ್ಧ ಇಳಿದದ್ದು ದೇಹದ ಲೆಕ್ಕ ಅರ್ಥವಾದ ಮೇಲೆ. ಅಪಾಯ ಕಂಡಾಗ ಪ್ರಾಣಿಯ ದೇಹ ಹೋರಾಟಕ್ಕೋ ಓಟಕ್ಕೋ ಸಜ್ಜಾಗುವ ಬಗೆಯನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಸುರಿಸುತ್ತದೆ, ಹೃದಯ ಜೋರಾಗುತ್ತದೆ, ಚರ್ಮದಿಂದ ಮತ್ತು ಹೊಟ್ಟೆಯಿಂದ ರಕ್ತ ಸರಿದು ದೊಡ್ಡ ಸ್ನಾಯುಗಳ ಕಡೆ ಹರಿಯುತ್ತದೆ. ಕೈ ತಣ್ಣಗಾಗುವುದು, ಹೊಟ್ಟೆ ಕಿವುಚುವುದು ಅದಕ್ಕೇ. ಇಷ್ಟನ್ನು ಶಾಲೆಯಲ್ಲೇ ಓದಿರುತ್ತೇವೆ. ಉಸಿರಾಟದ ಭಾಗವನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ, ಪ್ಯಾನಿಕ್‌ನ ಕೀಲಿ ಇರುವುದು ಅಲ್ಲೇ.

ಓಡಲು ಸಜ್ಜಾದ ದೇಹ ಉಸಿರಾಟವನ್ನು ಹೆಚ್ಚಿಸುತ್ತದೆ. ನಿಜವಾಗಿ ಓಡಿದರೆ ಸ್ನಾಯುಗಳು ಕಾರ್ಬನ್ ಡೈಆಕ್ಸೈಡ್ ಉತ್ಪಾದಿಸುತ್ತವೆ, ಲೆಕ್ಕ ಸರಿಹೋಗುತ್ತದೆ. ಕುರ್ಚಿಯಲ್ಲಿ ಕೂತೇ ಹಾಗೆ ಉಸಿರಾಡಿದರೆ ಹೊರಹೋಗುವುದು ಹೆಚ್ಚು, ಹುಟ್ಟುವುದು ಕಡಿಮೆ. ಅಪಧಮನಿಯ ರಕ್ತದಲ್ಲಿ ಸಾಮಾನ್ಯವಾಗಿ 35ರಿಂದ 45 ಮಿಲಿಮೀಟರ್ ಪಾದರಸದಷ್ಟಿರುವ ಕಾರ್ಬನ್ ಡೈಆಕ್ಸೈಡ್‌ನ ಒತ್ತಡ ಕುಸಿಯುತ್ತದೆ. ಒಂದೊಂದು ಮಿಲಿಮೀಟರ್ ಇಳಿದಾಗಲೂ ಮಿದುಳಿನ ರಕ್ತನಾಳಗಳು ಸಂಕುಚಿಸಿ ಅಲ್ಲಿನ ರಕ್ತಹರಿವು ಶೇಕಡಾ 2ರಿಂದ 4ರಷ್ಟು ತಗ್ಗುತ್ತದೆ. ತಲೆ ಹಗುರಾಗಿ, ಸುತ್ತಲಿನ ಜಗತ್ತು ದೂರ ಸರಿದಂತೆ, ನಿಜವೇ ಅಲ್ಲವೆಂಬಂತೆ ಕಾಣುವುದು ಇದರಿಂದ. ರಕ್ತ ತುಸು ಕ್ಷಾರೀಯವಾಗಿ, ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಕಡಿಮೆಯಾಗಿ, ನರಗಳು ಸುಮ್ಮಸುಮ್ಮನೆ ಮಿಡಿಯುತ್ತವೆ. ಬೆರಳು ಮತ್ತು ತುಟಿಯ ಜುಮುಜುಮು ಅದೇ. ಇನ್ನು ಉಸಿರು ಸಾಲದೆನ್ನುವ ಸಂಕಟ: ಎದೆಗೂಡು ಆಗಲೇ ಗಾಳಿಯಿಂದ ಉಬ್ಬಿರುವಾಗ ಅದರ ಮೇಲೆ ಮತ್ತಷ್ಟು ಎಳೆಯಹೊರಟರೆ ಪಕ್ಕೆಲುಬಿನ ಸ್ನಾಯು ದಣಿದು ಬಿಗಿಯುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿತುಳುಕುತ್ತಿರುವಾಗಲೇ ಉಸಿರುಗಟ್ಟಿದಂತಾಗುತ್ತದೆ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಒಮ್ಮೆ ನೋಡಿದ್ದೇನೆ. ಉಸಿರಿಲ್ಲದೆ ಸಾಯುತ್ತಿದ್ದೇನೆ ಎಂದು ದೇಹ ಕಿರುಚುತ್ತಿರುವಾಗ ಪರದೆಯ ಮೇಲೆ 99 ಇತ್ತು.

ಬೀಳುವ ಭಯಕ್ಕೂ ಇಲ್ಲೇ ಉತ್ತರವಿತ್ತು. ಮೂರ್ಛೆ ಹೋಗಲು ಸಾಮಾನ್ಯವಾಗಿ ರಕ್ತದೊತ್ತಡ ಕುಸಿಯಬೇಕು. ಪ್ಯಾನಿಕ್‌ನಲ್ಲಿ ಅದು ಹೆಚ್ಚಾಗಿ ಏರುತ್ತದೆ.

ಇಷ್ಟೆಲ್ಲ ತಿಳಿದರೂ ಅದು ಬರೀ ತಿಳಿವಳಿಕೆಯೇ, ಗಾಜಿನ ಈಚೆ ನಿಂತ ಡಾರ್ವಿನ್‌ಗಿದ್ದಂಥದ್ದೇ. ಮುಂದಿನ ದಾರಿಯನ್ನು ಪ್ಯಾನಿಕ್ ಕುರಿತ ಚಿಕಿತ್ಸಾ ಸಂಶೋಧನೆ ತೋರಿಸಿತು. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಒಂದು ಸುಳಿಯನ್ನು ಗುರುತಿಸಿದರು: ದೇಹದಲ್ಲಿ ಒಂದು ಸಂವೇದನೆ ಏಳುತ್ತದೆ, ಅದನ್ನು ಸಾವಿನ ಇಲ್ಲವೇ ಹುಚ್ಚಿನ ಲಕ್ಷಣವೆಂದು ಓದಿಕೊಳ್ಳುತ್ತೇವೆ, ಆ ಓದಿಗೆ ಗಾಬರಿ ಹುಟ್ಟುತ್ತದೆ, ಗಾಬರಿಗೆ ಸಂವೇದನೆ ಇನ್ನೂ ಏರುತ್ತದೆ. ಮನಶ್ಶಾಸ್ತ್ರಜ್ಞರಾದ ಡೇವಿಡ್ ಬಾರ್ಲೋ, ಮಿಶೆಲ್ ಕ್ರಾಸ್ಕೆ ಮೊದಲಾದವರು ಬೆಳೆಸಿದ ಚಿಕಿತ್ಸೆ ಈ ಸುಳಿಗೆ ನೇರವಾಗಿ ಇಳಿಯುತ್ತದೆ. ಹೆದರಿಸುವ ಸಂವೇದನೆಯನ್ನು ನಾವೇ ಬೇಕೆಂದು ಎಬ್ಬಿಸಬೇಕು, ಎಬ್ಬಿಸಿ ಅದರೊಳಗೆ ಇರಬೇಕು. ಹಿರಿಯ ಸಹೋದ್ಯೋಗಿಯೊಬ್ಬರ ಎದುರು ಕೂತು ನಾನು ಶುರು ಮಾಡಿದೆ.

ಮೊದಲ ಅಭ್ಯಾಸ ಒಂದು ನಿಮಿಷದ್ದು. ಬೆನ್ನು ನೇರ, ಪಾದ ನೆಲಕ್ಕೆ, ಬಾಯಿ ತೆರೆದು ಬಲೂನು ಊದುವ ರಭಸದಲ್ಲಿ ಆಳವಾಗಿ, ವೇಗವಾಗಿ ಉಸಿರಾಟ. ಶುರು ಮಾಡುವ ಮುಂಚೆ ಹಾಳೆಯ ಎಡಕ್ಕೆ ಬರೆದುಕೊಳ್ಳಬೇಕಿತ್ತು: ಏನಾಗುತ್ತದೆಂದು ಹೆದರುತ್ತಿದ್ದೇನೆ, ಅದು ಆಗುವ ಸಾಧ್ಯತೆ ನೂರಕ್ಕೆಷ್ಟು. ‘ಪ್ರಜ್ಞೆ ತಪ್ಪಿ ಕುರ್ಚಿಯಿಂದ ಬೀಳುತ್ತೇನೆ, 80’ ಎಂದು ಬರೆದೆ. ಇಪ್ಪತ್ತು ಸೆಕೆಂಡಾಗುತ್ತಲೇ ತುಟಿಯ ಸುತ್ತ ಜುಮುಜುಮು. ಮೂವತ್ತಕ್ಕೆ ಬೆರಳು ಸೆಟೆದುಕೊಳ್ಳತೊಡಗಿದವು, ಟೇಬಲ್ಲಿನ ಅಂಚು ಅಲುಗಾಡಿದಂತೆ ಕಂಡಿತು. ನಲವತ್ತಕ್ಕೆ ಕುರ್ಚಿಯ ಕೈ ಹಿಡಿಯುವ ಆಸೆ ಎಷ್ಟಿತ್ತೆಂದರೆ ಅಂಗೈಯನ್ನು ತೊಡೆಯ ಮೇಲೆ ಬಿಚ್ಚಿಡುವುದೇ ಒಂದು ಕೆಲಸವಾಯಿತು. ಅರವತ್ತಕ್ಕೆ ನಿಲ್ಲಿಸಿದೆ. ಆಮೇಲೆ ಮಾಡಬೇಕಾದದ್ದು ಏನೂ ಇರಲಿಲ್ಲ. ನೀರು ಕುಡಿಯುವಂತಿಲ್ಲ, ನಾಡಿ ಹಿಡಿದು ನೋಡುವಂತಿಲ್ಲ. ಸುಮ್ಮನೆ ಕೂತು, ಏರಿದ್ದು ಹೇಗೆ ಇಳಿಯುತ್ತದೆಂದು ಗಮನಿಸಬೇಕು. ಅಡ್ರಿನಲಿನ್ ಪ್ರಮಾಣ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಎರಡು ಮೂರು ನಿಮಿಷ ಸಾಕು. ಅದು ಇಳಿಯುವುದನ್ನು ನನ್ನದೇ ಮೈಯಲ್ಲಿ, ನಾನು ಬೆರಳನ್ನೂ ಎತ್ತದೆ ಕೂತಿರುವಾಗ, ಕಂಡೆ. ಹಾಳೆಯ ಬಲಕ್ಕೆ ಬರೆದೆ: ‘ಬೀಳಲಿಲ್ಲ.’

ನನ್ನ ಮಟ್ಟಿಗೆ ಈ ಚಿಕಿತ್ಸೆಯ ಜೀವ ಇರುವುದು ಆ ಎಡ-ಬಲದ ಅಂತರದಲ್ಲಿ. ನಿರೀಕ್ಷೆಗೂ ಘಟನೆಗೂ ಹೊಂದಿಕೆ ತಪ್ಪಿದಾಗಲೇ ಮಿದುಳು ಹೊಸದನ್ನು ಕಲಿಯುತ್ತದೆ. ಆದ್ದರಿಂದ ಭಯ ಕಡಿಮೆಯಾಯಿತೇ ಎಂದು ಪದೇಪದೇ ಕೇಳಿಕೊಳ್ಳುವುದಕ್ಕಿಂತ, ಹೆದರಿದ್ದು ನಡೆಯಿತೇ ಎಂದು ಕೇಳಿಕೊಳ್ಳುವುದು ಮುಖ್ಯ. ತುಂಬ ಹೆದರಿಯೂ ಬೀಳದೆ ಉಳಿದ ದಿನ ಹೆಚ್ಚು ಕಲಿತಿರುತ್ತೇವೆ.

ಒಂದೊಂದೇ ಅಭ್ಯಾಸ ಸೇರುತ್ತ ಹೋಯಿತು. ತಿರುಗುವ ಕುರ್ಚಿಯಲ್ಲಿ ಸುತ್ತುವುದು, ಮೆಟ್ಟಿಲು ಓಡಿ ಹತ್ತುವುದು ನನಗೆ ಬೇಗ ಒಗ್ಗಿದವು. ಜೀವ ತೆಗೆದದ್ದು ಸ್ಟ್ರಾ. ಮೂಗು ಹಿಡಿದು ತೆಳ್ಳನೆಯ ಸ್ಟ್ರಾ ಒಂದರ ಮೂಲಕ ಮಾತ್ರ ಉಸಿರಾಡುವುದು. ಇಲ್ಲಿ ತಲೆ ಸುತ್ತುವುದಿಲ್ಲ, ಬೆರಳು ಜುಮುಗುಡುವುದಿಲ್ಲ. ಬರೀ ಉಸಿರಿನ ಹಸಿವು. ಒಂದು ನಿಮಿಷ ಮುಗಿಯುವಷ್ಟರಲ್ಲಿ, ಉಳಿದ ಯಾವ ಅಭ್ಯಾಸದಲ್ಲೂ ಕಾಣದ, ಯೋಚನೆಗೆ ಮುಂಚಿನದೆನ್ನುವಂಥ ಭಯ ಎದ್ದಿತು.

ಅದು ಎಲ್ಲಿಂದ ಬಂತೆಂದು ಹುಡುಕುವಾಗ ಎಸ್.ಎಂ. ಎಂಬ ಹೆಸರಿನಿಂದ ನರವಿಜ್ಞಾನದಲ್ಲಿ ಪ್ರಸಿದ್ಧಳಾದ ಮಹಿಳೆಯ ವೃತ್ತಾಂತ ನನಗೆ ದೊಡ್ಡ ಬೆಳಕಾಯಿತು. ಅಪರೂಪದ ಆನುವಂಶಿಕ ಕಾಯಿಲೆಯೊಂದರಿಂದ ಆಕೆಯ ಮಿದುಳಿನ ಎರಡೂ ಬದಿಯ ಅಮಿಗ್ಡಲಾ ನಾಶವಾಗಿತ್ತು. ಅಪಾಯದ ಸುಳಿವು ಹಿಡಿದು ದೇಹವನ್ನು ಎಚ್ಚರಿಸುವುದರಲ್ಲಿ ಮುಖ್ಯ ಪಾತ್ರ ಈ ಅಮಿಗ್ಡಲಾದ್ದು. ಹಾವು, ಜೇಡ, ಭಯಾನಕ ದೃಶ್ಯ ಯಾವುದಕ್ಕೂ ಆಕೆ ಹೆದರುತ್ತಿರಲಿಲ್ಲ. ಸಂಶೋಧಕರು, ಉಸಿರಿನ ಹಸಿವನ್ನು ಎಬ್ಬಿಸುವ ಕಾರ್ಬನ್ ಡೈಆಕ್ಸೈಡ್ ಶೇಕಡಾ 35ರಷ್ಟಿದ್ದ ಗಾಳಿಯನ್ನು ಒಂದೇ ಒಂದು ಉಸಿರು ಎಳೆದುಕೊಳ್ಳಲು ಕೊಟ್ಟಾಗ ಅದೇ ಮಹಿಳೆ ಪ್ಯಾನಿಕ್‌ಗೆ ಒಳಗಾದಳು. ಅದೇ ಬಗೆಯ ಹಾನಿಯಿದ್ದ ಇನ್ನಿಬ್ಬರಲ್ಲೂ ಹಾಗೆಯೇ ಆಯಿತು. 2013ರಲ್ಲಿ ಪ್ರಕಟವಾದ ಈ ಅಧ್ಯಯನ ನನಗೆ ಹೇಳಿದ್ದಿಷ್ಟು: ಹೊರಗಿನ ಅಪಾಯವನ್ನು ನೋಡಿ ಹುಟ್ಟುವ ಭಯ ಒಂದು ದಾರಿಯಲ್ಲಿ ಬಂದರೆ, ದೇಹದೊಳಗಿನ ರಾಸಾಯನಿಕ ಬದಲಾವಣೆಯಿಂದ ಹುಟ್ಟುವ ಭಯಕ್ಕೆ ಬೇರೆ ದಾರಿಯೂ ಇದೆ. ಯಾವುದಕ್ಕೂ ಜಗ್ಗದ ಗಟ್ಟಿಗರು, ಬೆಂಕಿ ನೀರಿಗೆ ಹೆದರದವರು, ಪ್ಯಾನಿಕ್ ಬಂದು ‘ನನಗಾ ಹೀಗೆ?’ ಎಂದು ಕುಗ್ಗಿಹೋಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅವರ ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಈಗ ನಾನು ಪೂರ್ಣ ವಿಶ್ವಾಸದಿಂದ ಹೇಳುತ್ತೇನೆ. ಅವರಿಗೆ ಎಸ್.ಎಂ. ವಿಷಯ ಹೇಳಿದಾಗ ಮುಖದ ಬಿಗಿ ಸಡಿಲವಾಗುವುದು ಎದುರಿಗೇ ಕಾಣುತ್ತದೆ.

ಸ್ಟ್ರಾ ಅಭ್ಯಾಸವನ್ನು ನಾನು ಬಿಡಲಿಲ್ಲ. ಹೆಚ್ಚು ದಿನ ಮಾಡಿದ್ದು ಅದನ್ನೇ.

ನಿಧಾನ ಉಸಿರಾಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ನಿಮಿಷಕ್ಕೆ ಆರರಂತೆ, ಬಿಡುವ ಉಸಿರು ಎಳೆಯುವುದಕ್ಕಿಂತ ಉದ್ದವಾಗಿ ಇರುವ ಉಸಿರಾಟ ಒಳ್ಳೆಯದೇ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಹಿಡಿತ ಬಲವಾಗಿ ಹೃದಯ ತುಸು ನಿಧಾನವಾಗುತ್ತದೆ. ಹಾಸಿಗೆಗೆ ಹೋಗುವ ಮುನ್ನ ನಾನು ಇಂದಿಗೂ ಮಾಡುತ್ತೇನೆ. ಆದರೆ ಅಟ್ಯಾಕಿನ ನಡುವೆ ಅದನ್ನು ಗುರಾಣಿಯಂತೆ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ‘ಉಸಿರಾಟ ಸರಿಮಾಡಿಕೊಂಡದ್ದರಿಂದ ಬದುಕಿದೆ’ ಎಂದು ಮಿದುಳು ಲೆಕ್ಕ ಬರೆದುಕೊಂಡರೆ, ಆ ಸಂವೇದನೆ ಅಪಾಯಕಾರಿ ಎಂಬ ನಂಬಿಕೆ ಹಾಗೇ ಉಳಿಯುತ್ತದೆ. ನೀರಿನ ಬಾಟಲಿ, ಬಾಗಿಲ ಪಕ್ಕದ ಕುರ್ಚಿ, ಕೈಯಲ್ಲೇ ಇರಬೇಕಾದ ಫೋನು, ಇವೆಲ್ಲ ಮಾಡುವುದೂ ಅದನ್ನೇ. ನಾನು ಒಂದೊಂದಾಗಿ ಬಿಟ್ಟೆ. ಬಾಗಿಲ ಪಕ್ಕದ ಕುರ್ಚಿ ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯ ಮಾತ್ರ ಯಾರೂ ಮಾಡಬೇಡಿ. ನಿಜಕ್ಕೂ ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇದ್ದವರಿಗೆ ಅದು ಪ್ರಾಣಾಪಾಯ.

ನಿದ್ದೆಗೆಟ್ಟ ಮರುದಿನ ಎಲ್ಲವೂ ಜೋರು. ಕೆಫೀನ್ ಹೆಚ್ಚಾದ ದಿನವೂ ಅಷ್ಟೇ. ನಿದ್ದೆ ಸರಿಪಡಿಸಿಕೊಂಡೆ, ಕೆಫೀನ್ ಬೆಳಗಿಗೆ ಸೀಮಿತ ಮಾಡಿದೆ. ಪೂರ್ತಿ ಬಿಡಲಿಲ್ಲ, ಅದರ ಎದೆಬಡಿತವೂ ಒಂದು ಅಭ್ಯಾಸವೇ ಎಂದು ಇಟ್ಟುಕೊಂಡೆ.

ಹಾವು ಕಚ್ಚಿಸಿಕೊಂಡವನು ಹಗ್ಗಕ್ಕೂ ಹೆದರುತ್ತಾನೆ ಎನ್ನುತ್ತೇವಲ್ಲ, ಭಯ ಹರಡುವುದು ಹಾಗೆ ಸಲೀಸಾಗಿ. ಧೈರ್ಯ ಮಾತ್ರ ಕಲಿತ ಜಾಗಕ್ಕೇ ಅಂಟಿಕೊಂಡಿರುತ್ತದೆ, ಸಮಯ ಕಳೆದರೆ ಸಡಿಲವೂ ಆಗುತ್ತದೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ಇದನ್ನು ತಮ್ಮ ನಾಯಿಗಳಲ್ಲೇ ಕಂಡಿದ್ದರು: ಊಟದ ಸೂಚನೆಯಾದ ಗಂಟೆಯ ಸದ್ದಿಗೆ ಜೊಲ್ಲು ಸುರಿಸಲು ಕಲಿತ ನಾಯಿ, ಊಟ ಕೊಡದೆ ಬರೀ ಗಂಟೆ ಬಾರಿಸುತ್ತ ಹೋದಾಗ ಅದನ್ನು ನಿಲ್ಲಿಸಿದರೂ, ನಡುವೆ ಸಮಯ ಕಳೆದ ಮೇಲೆ ಮತ್ತೆ ಸುರಿಸುತ್ತಿತ್ತು. ಹಳೆಯ ಕಲಿಕೆ ಅಳಿದಿರುವುದಿಲ್ಲ, ಅದರ ಮೇಲೆ ಹೊಸದೊಂದು ಕೂತಿರುತ್ತದೆ, ಅಷ್ಟೇ. ತಿಂಗಳುಗಟ್ಟಲೆ ನೆಮ್ಮದಿಯಾಗಿದ್ದ ನನಗೆ ಅಪರಿಚಿತ ಕಟ್ಟಡವೊಂದರ ಲಿಫ್ಟಿನಲ್ಲಿ ಅಟ್ಯಾಕ್ ಮರಳಿದಾಗ ಈ ಸಂಗತಿ ನೆರವಿಗೆ ಬಂತು. ಚಿಕಿತ್ಸೆ ಸೋತಿತೆಂದುಕೊಳ್ಳಲಿಲ್ಲ. ಈ ಜಾಗದಲ್ಲಿ ಇನ್ನೂ ಕಲಿತಿಲ್ಲ ಎಂದುಕೊಂಡೆ. ಅದೇ ಲಿಫ್ಟಿನಲ್ಲಿ, ನಿಂತಲ್ಲೇ ಜಾಗಿಂಗ್ ಮಾಡಿ ಎದೆಬಡಿತ ಏರಿಸಿಕೊಂಡು, ಮೇಲೆ ಕೆಳಗೆ ಓಡಾಡಿದೆ. ಅಂದಿನಿಂದ ಅಭ್ಯಾಸಗಳನ್ನು ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಮಾಡಿಸುತ್ತೇನೆ, ಮಾಡುತ್ತೇನೆ.

ಈಗ ನನ್ನ ಬಳಿ ಬರುವವರಿಗೆ ಮೊದಲು ವೈದ್ಯರ ಪರೀಕ್ಷೆ ಆಗಿರಲೇಬೇಕು. ಹೃದ್ರೋಗ, ಅಪಸ್ಮಾರ, ತೀವ್ರ ಆಸ್ತಮಾ ಇದ್ದವರು, ಗರ್ಭಿಣಿಯರು ಇದನ್ನು ತಾವಾಗಿ ಮನೆಯಲ್ಲಿ ಮಾಡಕೂಡದು. ಔಷಧಿ ತೆಗೆದುಕೊಳ್ಳುತ್ತಿರುವವರು ನನ್ನ ಮಾತು ಕೇಳಿ ನಿಲ್ಲಿಸಕೂಡದು, ಅದು ಅವರ ಮನೋವೈದ್ಯರೊಂದಿಗೆ ಆಗಬೇಕಾದ ಮಾತು. ರಕ್ತ ಅಥವಾ ಸೂಜಿ ಕಂಡರೆ ಕುಸಿಯುವವರ ದೇಹದ ದಾರಿಯೇ ಬೇರೆ. ಅವರಲ್ಲಿ ರಕ್ತದೊತ್ತಡ ಮೊದಲು ಏರಿ ನಂತರ ಧಡಕ್ಕನೆ ಇಳಿಯುತ್ತದೆ, ನಿಜವಾಗಿಯೂ ಮೂರ್ಛೆ ಹೋಗುತ್ತಾರೆ. ಅಂಥವರಿಗೆ ಮೈ ಸಡಿಲ ಬಿಡಿ ಎನ್ನುವುದು ತಪ್ಪು ಸಲಹೆ. ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು ಒತ್ತಡ ಏರಿಸಿಕೊಳ್ಳುವುದನ್ನು ಕಲಿಸಬೇಕು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಗೋರನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ ವಿಧಾನ ಇದು.

ಉಳಿದವರೊಂದಿಗೆ ಮೊದಲ ಒಂದು ನಿಮಿಷವನ್ನು ನಾನೂ ಎದುರು ಕೂತು ಉಸಿರಾಡುತ್ತೇನೆ. ಮೂವತ್ತನೆಯ ಸೆಕೆಂಡಿನ ಸುಮಾರಿಗೆ ಹೆಚ್ಚಿನವರು ಕಣ್ಣರಳಿಸಿ ‘ಇದೇ, ಇದೇ ಮೇಡಂ, ಇದೇ ಬರೋದು’ ಎನ್ನುತ್ತಾರೆ. ವರ್ಷಗಟ್ಟಲೆ ಎಲ್ಲಿಂದಲೋ ಬಂದು ಎರಗುತ್ತಿದ್ದುದನ್ನು ತಾವೇ ಎಬ್ಬಿಸಿದ್ದೇವೆಂದು ಗೊತ್ತಾದ ಮೇಲೆ ಅವರು ಕೇಳುವ ಪ್ರಶ್ನೆಯೂ ಬಹುಪಾಲು ಒಂದೇ: ‘ಇನ್ನೊಂದ್ಸಲ ಮಾಡ್ಲಾ?’