ಉದುರುವ ಪಳೆಯುಳಿಕೆ ಮೂಳೆಯನ್ನು ಗಟ್ಟಿ ಮಾಡುವುದು

ಮುಟ್ಟಿದರೆ ಉದುರುವ ಪಳೆಯುಳಿಕೆ ಮೂಳೆಗೆ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವೇ ಸರಿ; ಬೇಕೆಂದಾಗ ಅಸಿಟೋನ್ ಎಂಬ ದ್ರಾವಕದಲ್ಲಿ ಕರಗಿಸಿ ತೆಗೆಯಬಹುದು. ಸೂಪರ್ ಗ್ಲೂ ಹಾಕಿದರೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆಯೇ.

100 ಮಿ.ಲೀ. ಅಸಿಟೋನ್‌ಗೆ 5 ಗ್ರಾಂ ರಾಳ. ರಾಳದ ಹರಳುಗಳನ್ನು ತೆಳು ಹತ್ತಿಬಟ್ಟೆಯಲ್ಲಿ ಕಟ್ಟಿ, ಅಸಿಟೋನ್ ಇರುವ ಗಾಜಿನ ಜಾಡಿಯೊಳಗೆ ಇಳಿಬಿಟ್ಟು, ಕರಗುವವರೆಗೆ ಮುಚ್ಚಿಡಿ. ತಳಕ್ಕೆ ಬಿದ್ದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ.

ಮೂಳೆ ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಮೆತ್ತನೆಯ ಬ್ರಷ್‌ನಿಂದ ಮಣ್ಣು ತೆಗೆಯಿರಿ (ಉಳಿದ ಮಣ್ಣೂ ಗಟ್ಟಿಯಾಗಿಬಿಡುತ್ತದೆ). ಡ್ರಾಪರ್‌ನಿಂದ ಬಿರುಕಿನ ಬಾಯಿಗೆ ದ್ರಾವಣವನ್ನು ಹನಿಹನಿಯಾಗಿ ಬಿಡಿ. ಹೀರುವುದು ನಿಂತ ಕೂಡಲೇ ನಿಲ್ಲಿಸಿ, ಮೇಲುಳಿದದ್ದನ್ನು ಅಸಿಟೋನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸಡಿಲವಾಗಿ ಮುಚ್ಚಿಡಿ. ಬೇಗ ಒಣಗಿದರೆ ರಾಳ ಮೇಲಕ್ಕೆ ಬಂದು ಹೊಳೆಯುತ್ತದೆ, ಒಳಗಿನ ಪುಡಿ ಮಾತ್ರ ಹಾಗೇ ಉಳಿಯುತ್ತದೆ.